ಸಾಕಿ ಬೆಳೆಸಿದ ಔಷಧಿ

ಖಾಲಿ ಸೀಟಿಗೆ ಟಿಕೆಟ್ ಕೇಳಿದ ಮಧ್ಯಾಹ್ನದಿಂದಲೇ ನಾನು ಇದನ್ನು ಶುರು ಮಾಡಬೇಕು.

ನನ್ನ ಹೆಸರು ಮಹಾನಂದಾ. ಊರು ಜತ್ತ ತಾಲ್ಲೂಕಿನ ಸನಮಡಿ. ಸರಕಾರಿ ಎಸ್‌ಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿ ಹನ್ನೊಂದು ವರ್ಷ ದುಡಿದಿದ್ದೆ. ಹೆಚ್ಚಾಗಿ ಜತ್ತದಿಂದ ಉಮದಿಯ ಕಡೆ ಹೋಗುವ ಗಾಡಿಗಳ ಮೇಲೆಯೇ ನನ್ನ ಡ್ಯೂಟಿ. ಆ ದಿನ ಬಿಸಿಲಿಗೆ ಬಸ್ಸಿನೊಳಗೆ ಎಲ್ಲರೂ ತೂಕಡಿಸುತ್ತಿದ್ದರು. ಕಿಟಕಿಯ ಬಳಿ ಹಳದಿ ಪಟಗ ಸುತ್ತಿದ ಹಿರಿಯರೊಬ್ಬರು ತೊಡೆಯ ಮೇಲೆ ಚೀಲ ಇಟ್ಟುಕೊಂಡು ಕುಳಿತಿದ್ದರು. ಅವರ ಪಕ್ಕದಲ್ಲಿ ಅವರಂಥವರೇ ಇನ್ನೊಬ್ಬರು, ಅದೇ ಪಟಗ, ಅದೇ ಚೀಲ. ಅವಳಿ ಅಣ್ಣತಮ್ಮಂದಿರಿರಬೇಕು ಅಂದುಕೊಂಡೆ. ಒಂದು ಟಿಕೆಟ್ ಕೊಟ್ಟು, "ಇವರದ್ರೀ?" ಎಂದೆ.

ಹಿರಿಯರು ಪಕ್ಕಕ್ಕೆ ನೋಡಿದರು, ನನ್ನನ್ನು ನೋಡಿದರು. "ಯಾರದವ್ವಾ? ನಾ ಒಬ್ಬಾಂವನ ಅದೀನಿ."

ಹಿಂದಿನ ಸೀಟಿನವರು ನಕ್ಕರು. ನಾನೂ ನಕ್ಕೆ. ಮುಂದಿನ ಗಾಜಿನಾಚೆ ಡಾಂಬರು ರಸ್ತೆ ಎರಡಾಗಿ, ಒಂದು ಆಕಾಶದ ಕಡೆ ಸ್ವಲ್ಪ ಎದ್ದು ತೇಲುತ್ತಿತ್ತು. ಒಂದು ಬೇವಿನ ಮರದಿಂದ ಇನ್ನೊಂದು ಬೇವಿನ ಮರ ಮೆಲ್ಲಗೆ ಕಳಚಿಕೊಂಡು ಹೊರಬರುತ್ತಿತ್ತು. ದಾಟುತ್ತಿದ್ದ ಕುರಿಮಂದೆಗೆ ಕೊನೆಯೇ ಇರಲಿಲ್ಲ. ಹೇಳಲು ನಾಚಿಕೆಯಾಗುತ್ತದೆ, ಅದು ನೋಡಲು ಚೆಂದವಾಗಿತ್ತು. ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿದೆ. ಲೋಕ ಮತ್ತೆ ಒಂದಾಯಿತು.

ಜತ್ತದ ಕಣ್ಣಿನ ಡಾಕ್ಟರು ಚಷ್ಮಾ ಕೊಟ್ಟರು. ಚಷ್ಮಾದಲ್ಲೂ ಎರಡೇ ಕಂಡವು. ಬೆಳಿಗ್ಗೆ ಎದ್ದಾಗ ನಾನು ಮೊದಲಿನ ಮಹಾನಂದಾಳೇ. ಹೊತ್ತು ಏರಿದಂತೆ ಎಡಗಣ್ಣಿನ ರೆಪ್ಪೆ ಇಳಿಯುತ್ತಿತ್ತು, ಸಂಜೆಯಷ್ಟರಲ್ಲಿ ಎರಡೂ. ಮಾತು ಮೂಗಿನಿಂದ ಬರತೊಡಗಿತು. ಊರುಗಳ ಹೆಸರು ಕೂಗುವಾಗ ಮೊದಲ ಊರು ಗಟ್ಟಿ, ನಾಲ್ಕನೆಯದು ಗಾಳಿ. ರೊಟ್ಟಿಯ ಮೂರನೇ ತುತ್ತಿಗೆ ದವಡೆ ನಿಂತುಬಿಡುತ್ತಿತ್ತು, ಬೆರಳಿನಿಂದ ಗದ್ದ ಎತ್ತಿ ಹಿಡಿದು ಅಗಿಯಬೇಕಿತ್ತು. ಬಸ್ಸಿನಲ್ಲಿ ಒಬ್ಬಾಕೆ ತನ್ನ ಗೆಳತಿಗೆ, "ಕುಡದಾಳೇನು ಈಕಿ?" ಎಂದು ಮೆಲ್ಲಗೆ ಕೇಳಿದ್ದು ನನ್ನ ಕಿವಿಗೆ ಬಿತ್ತು. ಕಿವಿ ಮಾತ್ರ ಎಂದೂ ನನ್ನ ಕೈ ಬಿಡಲಿಲ್ಲ.

ನಮ್ಮ ಅತ್ತೆ ನನ್ನ ನೌಕರಿಯನ್ನು ಮೊದಲಿನಿಂದಲೂ ಒಪ್ಪಿದವರಲ್ಲ. "ದಿನಾ ನೂರು ಮಂದಿ ಕಣ್ಣು ಮೈಮ್ಯಾಲ ಬಿದ್ರ ಇನ್ನೇನಾಗ್ತದ?" ಎಂದು ಮೆಣಸಿನಕಾಯಿ ನಿವಾಳಿಸಿದರು. ನನ್ನ ಗಂಡ ಈರಪ್ಪ ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುವವರು, ಮಾತು ಕಡಿಮೆ. ಅವರು ಹೊಲಿಗೆ ನಿಲ್ಲಿಸಿ ನನ್ನ ಮುಖವನ್ನೇ ನೋಡುತ್ತ ಕೂರುವುದು ಹೆಚ್ಚಾಯಿತು. ಒಂದು ಮುಂಜಾನೆ, "ಇವತ್ತ ಮಿರಜಿಗೆ ಹೋಗೂಣು. ತಯಾರಾಗು," ಎಂದರು. ಅಷ್ಟೇ.

ಮಿರಜಿನ ಆ ಆಸ್ಪತ್ರೆಯ ಕಾಯುವ ಕೋಣೆ ನನಗೆ ಈಗಲೂ ಕನಸಿನಲ್ಲಿ ಬರುತ್ತದೆ. ಎತ್ತರದ ಮಾಡು, ನಿಧಾನವಾಗಿ ತಿರುಗುವ ಫ್ಯಾನು, ಗೋಡೆಗುಂಟ ಬೆಂಚು. ಅಲ್ಲಿ ಯಾರೂ ಕೆಮ್ಮುತ್ತಿರಲಿಲ್ಲ, ಯಾರೂ ನರಳುತ್ತಿರಲಿಲ್ಲ. ಎಲ್ಲರೂ ತಮ್ಮ ಕೈಗಳನ್ನು ಬೇರೆಯವರ ಸಾಮಾನಿನಂತೆ ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದರು. ನರರೋಗದ ಡಾಕ್ಟರಮ್ಮ ಮರಾಠಿಯಲ್ಲಿ ಮಾತಾಡುತ್ತಿದ್ದರು. ಐದು ನಿಮಿಷ ನನ್ನ ಮಾತು ಕೇಳಿ, ರಬ್ಬರ್ ಕೈಗವಸಿನೊಳಗೆ ಬರ್ಫ್ ತುಂಬಿಸಿ ತರಿಸಿದರು. ಅದನ್ನು ನನ್ನ ಎಡಗಣ್ಣಿನ ಮೇಲಿಟ್ಟು ಎರಡು ನಿಮಿಷ ಹಿಡಿದರು. ತೆಗೆದಾಗ ರೆಪ್ಪೆ ಪೂರ್ತಿ ತೆರೆದಿತ್ತು.

ಈರಪ್ಪ ಎದ್ದು ನಿಂತರು. "ಆರಾಮಾತಲ್ರೀ!"

"ಆರಾಮಾಗಿಲ್ಲ, ರೋಗ ಯಾವುದೆಂದು ಗೊತ್ತಾಯಿತು," ಎಂದರು ಡಾಕ್ಟರಮ್ಮ. ತಂಪಿಗೆ ಮೇಲೆದ್ದ ರೆಪ್ಪೆ ನೋಡನೋಡುತ್ತಲೇ ಮತ್ತೆ ಇಳಿಯಿತು. ರಕ್ತದ ಪರೀಕ್ಷೆ, ನರಕ್ಕೆ ಸಣ್ಣ ಸಣ್ಣ ಕರೆಂಟು ಕೊಟ್ಟು ನೋಡುವ ಪರೀಕ್ಷೆ ಎಲ್ಲ ಆದಮೇಲೆ ಹೆಸರು ಹೇಳಿದರು: ಮಯಸ್ತೇನಿಯಾ ಗ್ರೇವಿಸ್. ನನ್ನ ಮೈಯನ್ನು ಕಾಯಬೇಕಾದ ಶಕ್ತಿಯೇ ನರ ಹೇಳಿದ್ದನ್ನು ಸ್ನಾಯುವಿಗೆ ಮುಟ್ಟಗೊಡುತ್ತಿಲ್ಲ ಎಂದರು. ನನಗೆ ಅತ್ತುಬಿಡುವಷ್ಟು ಸಮಾಧಾನವಾಯಿತು. ನಾನು ಕುಡಿದಿರಲಿಲ್ಲ, ಸೋಮಾರಿಯಾಗಿರಲಿಲ್ಲ. ನನಗಾದದ್ದಕ್ಕೆ ಒಂದು ಹೆಸರಿತ್ತು.

ನಾಲ್ಕು ತಾಸಿಗೊಂದು ಗುಳಿಗೆ. ಗುಳಿಗೆ ನುಂಗಿ ಅರ್ಧ ತಾಸಿಗೆ ನಾನು ಮೈಯೊಳಗೆ ಬರುತ್ತಿದ್ದೆ, ಮೂರು ತಾಸಿಗೆ ಮತ್ತೆ ಹೊರಗೆ ಹೋಗುತ್ತಿದ್ದೆ. ಜೊತೆಗೆ ಕೊಟ್ಟ ಸ್ಟಿರಾಯ್ಡಿನಿಂದ ಮುಖ ಊದಿತು. ಕನ್ನಡಿಯಲ್ಲಿ ಯಾರೋ ದಪ್ಪ ಕೆನ್ನೆಯ ಹೆಂಗಸು ನನ್ನ ಕುಂಕುಮ ಹಚ್ಚಿಕೊಂಡು ನಿಂತಿರುತ್ತಿದ್ದಳು. ಡಾಕ್ಟರಮ್ಮ ಈರಪ್ಪನಿಗೆ ಒಂದು ಪರೀಕ್ಷೆ ಕಲಿಸಿ ಕಳಿಸಿದ್ದರು. ನಾನು ಆಳವಾಗಿ ಉಸಿರೆಳೆದುಕೊಂಡು ಒಂದೇ ಉಸಿರಿನಲ್ಲಿ ಎಣಿಸಬೇಕು. ಮೂವತ್ತರ ತನಕ ಹೋದರೆ ಚಿಂತೆಯಿಲ್ಲ, ಹದಿನೈದರ ಒಳಗೆ ನಿಂತರೆ ಯಾರನ್ನೂ ಕೇಳದೆ ಆಸ್ಪತ್ರೆಗೆ ಹೊರಡಬೇಕು.

ಚಳಿಗಾಲದಲ್ಲಿ ನೆಗಡಿ ಬಂತು. ಎಲ್ಲರಿಗೂ ಬರುವಂಥದ್ದು. ಮೂರನೆಯ ದಿನ ಮಧ್ಯಾಹ್ನ ನೀರು ಕುಡಿದರೆ ಮೂಗಿನಿಂದ ಹೊರಬಂತು. ಈರಪ್ಪ ಹೊಲಿಗೆಯಂತ್ರ ಬಿಟ್ಟು ಬಂದರು.

"ಎಣಸು, ಮಹಾನಂದಾ."

ಎಣಿಸಿದೆ. ಆರಕ್ಕೆ ನಿಂತೆ.

"ಮತ್ತೊಮ್ಮೆ."

ನಾಲ್ಕು.

ಈರಪ್ಪ ಫೋನು ಮಾಡಿದ್ದು ದಸ್ತಗೀರಣ್ಣನಿಗೆ. ದಸ್ತಗೀರಣ್ಣ ನಮ್ಮ ಡಿಪೋದ ಡ್ರೈವರ್. ಎಂಟು ವರ್ಷ ನನ್ನ ಬೆಲ್ಲಿಗೆ ಗಾಡಿ ನಿಲ್ಲಿಸಿದವರು, ಹೊರಡಿಸಿದವರು. ಅವರಿಗೆ ಆ ದಿನ ರಜೆ. ತಮ್ಮ ಭಾವನ ಜೀಪು ತಂದರು. ಹಿಂದಿನ ಸೀಟಿನಲ್ಲಿ ಅತ್ತೆ ನನ್ನ ಬೆನ್ನಿಗೆ ಎದೆಕೊಟ್ಟು ನೆಟ್ಟಗೆ ಕೂರಿಸಿಕೊಂಡರು. ಮಲಗಿದರೆ ಉಸಿರು ನಿಲ್ಲುತ್ತಿತ್ತು. ಕಿಟಕಿಯಾಚೆ ಜೋಳದ ಹೊಲಗಳು ಹಸಿರು ನೀರಿನಂತೆ ಹರಿಯುತ್ತಿದ್ದವು. ಅವುಗಳ ಮೇಲೆ ಜೀಪು ದೋಣಿಯಾಗಿತ್ತು. ನನಗೆ ಭಯವೇ ಇರಲಿಲ್ಲ. ಭಯಪಡುವುದಕ್ಕೂ ಉಸಿರು ಬೇಕು ಎಂದು ಆಗ ತಿಳಿಯಿತು.

ಆಮೇಲಿನದ್ದನ್ನು ದಿನಗಳ ಲೆಕ್ಕದಲ್ಲಿ ಹೇಳಲಾರೆ. ಗಂಟಲಿಗೆ ನಳಿಗೆ ಹಾಕಿ ಯಂತ್ರಕ್ಕೆ ಜೋಡಿಸಿದ್ದರು. ಯಂತ್ರ ಉಸಿರಾಡುತ್ತಿತ್ತು, ನಾನು ಅದರ ಜೊತೆಗಿದ್ದೆ. ಕಣ್ಣು ತೆರೆಯಲು ಆಗುತ್ತಿರಲಿಲ್ಲ. ಕೇಳಿಸುತ್ತಿತ್ತು. ಚಪ್ಪಲಿ ಸದ್ದು, ನೀರು ಬಸಿಯುವ ಸದ್ದು, ದೂರದಲ್ಲಿ ಯಾರೋ ಮರಾಠಿಯಲ್ಲಿ ಚಹಾ ಕೇಳುವುದು. ನನ್ನೊಳಗೆ ಒಂದು ಬಸ್ಸು ಓಡುತ್ತಿತ್ತು. ತೀರಿಹೋದ ನನ್ನ ಅಪ್ಪ ನನ್ನ ತವರೂರು ಉಟಗಿಯ ಕುರಿಗಳನ್ನೆಲ್ಲ ಹತ್ತಿಸಿಕೊಂಡು ಹಿಂದಿನ ಸೀಟಿನಲ್ಲಿ ಕುಳಿತಿದ್ದ. ಒಂದೊಂದು ಕುರಿಗೂ ನಾನು ಟಿಕೆಟ್ ಹರಿಯುತ್ತಿದ್ದೆ. ಯಾವ ಊರು ಎಂದು ಕೇಳಿದರೆ ಅಪ್ಪ, "ಇನ್ನೂ ಮುಂದ," ಎನ್ನುತ್ತಿದ್ದ.

ಒಂದು ದಿನ ಕಿವಿಯ ಹತ್ತಿರ ಅತ್ತೆಯ ದನಿ. ನನಗೆ ಎಚ್ಚರವಿಲ್ಲವೆಂದೇ ಅವರು ತಿಳಿದಿದ್ದರು.

"ನಿನ್ನ ನೌಕರಿ ಮ್ಯಾಲ ನಾ ಭಾಳ ಅಂದೀನವ್ವಾ. ಊರ ಹೆಣ್ಮಕ್ಕಳು ಬಂದು, ನಿಮ್ಮ ಸೊಸಿ ನಮಗ ಸೀಟ ಕೊಡಿಸಿದ್ಲು, ಕೂಸಿಗೆ ನೀರ ಕೊಟ್ಲು ಅಂತ ಹೇಳತಿದ್ರು. ಆಗ ನನಗ ಎದಿ ತುಂಬಿ ಬರತಿತ್ತು. ನಿನ್ನ ಮುಂದ ಒಂದ ದಿನಾನೂ ಹೇಳಲಿಲ್ಲ. ಹೇಳಿದ್ರ ನೀ ದೊಡ್ಡಾಕಿ ಆಗ್ತೀ ಅಂತ ಸುಮ್ಮನಿದ್ದೆ. ಹುಚ್ಚಿ ನಾ."

ಮುಚ್ಚಿದ ರೆಪ್ಪೆಯ ಸಂದಿಯಿಂದ ನೀರು ಇಳಿಯಿತು. ಕಣ್ಣಿಗೆ ಹಾಕಿದ ಔಷಧಿ ಇರಬೇಕೆಂದು ನರ್ಸ್ ಒರೆಸಿದಳು.

ಮರುದಿನ ದಸ್ತಗೀರಣ್ಣ ಬಂದರು. ಅವರ ಬೀಡಿಯ ವಾಸನೆಯಿಂದ ಗುರುತು ಹಿಡಿದೆ. ಹತ್ತಿರ ಬಂದು, "ತಂಗಿ, ಕೇಳಸ್ತದೇನು?" ಎಂದರು. ನನ್ನ ತೋರುಬೆರಳಿನಲ್ಲಿ ಇನ್ನೂ ಒಂದಿಷ್ಟು ಜೀವವಿತ್ತು. ಮಂಚದ ಕಬ್ಬಿಣದ ಅಂಚಿಗೆ ಉಗುರಿನಿಂದ ಎರಡು ಸಲ ಬಡಿದೆ. ಟಣ್, ಟಣ್.

ಬಸ್ಸಿನಲ್ಲಿ ಒಂದು ಬೆಲ್ಲೆಂದರೆ ನಿಲ್ಲು, ಎರಡೆಂದರೆ ಹೊರಡು. ಎಂಟು ವರ್ಷ ಅದನ್ನು ಕೇಳಿದ ಮನುಷ್ಯ.

"ಡಬಲ್ ಬೆಲ್!" ಎಂದು ದಸ್ತಗೀರಣ್ಣ ಆ ಕೋಣೆಯಲ್ಲಿ ಕೂಗಿಯೇಬಿಟ್ಟರು. "ಸಿಸ್ಟರ್, ಈಕಿಗಿ ಎಲ್ಲಾ ತಿಳಿತದ! ಎರಡ ಹೊಡದ್ರ ಹೌದು, ಒಂದ ಹೊಡದ್ರ ಇಲ್ಲ. ಕೇಳಿ ನೋಡ್ರಿ!"

ನರ್ಸ್ ಬಗ್ಗಿ, ನೋವಿದೆಯೇ ಎಂದು ಕೇಳಿದಳು. ಒಂದು. ಬಾಯಿ ಒಣಗಿದೆಯೇ? ಎರಡು. ಹತ್ತಿಯಿಂದ ತುಟಿ ಒದ್ದೆ ಮಾಡಿದಳು. ಅಷ್ಟು ರುಚಿಯಾದ ನೀರನ್ನು ನಾನು ಮತ್ತೆ ಕುಡಿದಿಲ್ಲ. ಅಂದಿನಿಂದ ಎಲ್ಲರೂ ನನ್ನ ಜೊತೆ ಮಾತಾಡಿಯೇ ಸೂಜಿ ಚುಚ್ಚುತ್ತಿದ್ದರು. ಅತ್ತೆಗೂ ವಿಷಯ ತಿಳಿಯಿತು. ಒಳಗೆ ಬಂದವರು, "ನಿನ್ನಿ ನಾ ಅಂದಿದ್ದು ಕೇಳಿತ್ತೇನು?" ಎಂದರು. ನಾನು ಸ್ವಲ್ಪ ಯೋಚಿಸಿ ಎರಡು ಬಡಿದೆ. "ಅಯ್ಯಽ," ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡರಂತೆ. ಈರಪ್ಪ ಆಮೇಲೆ ಹೇಳಿದ್ದು.

ರಕ್ತದೊಳಗಿನ ತಿಳಿ ನೀರನ್ನು, ಅಂದರೆ ಪ್ಲಾಸ್ಮಾವನ್ನು, ದಿನ ಬಿಟ್ಟು ದಿನ ತೆಗೆದು ಬದಲಿಸಿದರು. ಉಸಿರು ಮರಳಿತು. ನಳಿಗೆ ತೆಗೆದರು. ಬಿಟ್ಟುಕಳಿಸುವ ಮೊದಲು ಡಾಕ್ಟರಮ್ಮ ನಮ್ಮಿಬ್ಬರನ್ನೂ ಕೂರಿಸಿಕೊಂಡರು. ಇದು ಕೆಲವು ವಾರದ ನೆಮ್ಮದಿ ಅಷ್ಟೇ, ಮತ್ತೆ ಹೀಗಾಗಬಾರದೆಂದರೆ ಬೇರೊಂದು ಔಷಧಿ ಕೊಡಬೇಕು, ಅದೊಂದು ಪ್ರೋಟೀನು, ಜೀವಂತ ಕೋಶಗಳೇ ಅದನ್ನು ತಯಾರಿಸುತ್ತವೆ ಎಂದರು. ಕೆಲವರಿಗೆ ಹತ್ತುತ್ತದೆ, ಕೆಲವರಿಗೆ ಹತ್ತುವುದಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ.

"ಯಾವುದರ ಕೋಶ?" ಎಂದು ಈರಪ್ಪ ಕೇಳಿದರು.

"ಮೂಲತಃ ಇಲಿಯಂಥ ಒಂದು ಸಣ್ಣ ಪ್ರಾಣಿಯದು."

ನಮ್ಮದು ಲಿಂಗ ಕಟ್ಟಿಕೊಂಡ ಮನೆತನ. ಮೊಟ್ಟೆಯ ವಾಸನೆ ಬಂದರೂ ಅತ್ತೆ ಕೇರಿ ದಾಟುತ್ತಾರೆ. ಯಂತ್ರದ ಮೇಲಿದ್ದಾಗ ಕೇಳಿದ್ದರೆ ನಾನು ಎರಡು ಬಡಿಯುತ್ತಿದ್ದೆ. ಮನೆಗೆ ಬಂದು, ಅಂಗೈಯಲ್ಲಿ ಲಿಂಗ ಹಿಡಿದು ಕುಳಿತಾಗ ಮನಸ್ಸು ಹಿಂದೆ ಸರಿಯಿತು. ನಕ್ಕರೂ ನಗಿರಿ, ಆದದ್ದನ್ನೇ ಬರೆಯುತ್ತಿದ್ದೇನೆ. ಈರಪ್ಪ ಒಂದು ಮಾತೂ ಒತ್ತಾಯಿಸಲಿಲ್ಲ. ಅತ್ತೆ ಮಾತ್ರ ಮೂರನೆಯ ದಿನ ಬಾಯಿಬಿಟ್ಟರು: "ತಗೋಬ್ಯಾಡ ಅಂತ ನಾ ಅನ್ನೂದಿಲ್ಲ. ಆದ್ರ ಅದು ಏನಂತ ನನಗ ತಿಳಿಯೂ ಹಂಗ ಯಾರರ ಹೇಳಬೇಕು."

ಹೇಳಿದವಳು ನಸ್ರೀನ್, ದಸ್ತಗೀರಣ್ಣನ ಮಗಳು. ಎಂ.ಎಸ್ಸಿ. ಓದಿ ಪುಣೆಯ ಒಂದು ಔಷಧಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಳೆ. ಅವಳ ಕೆಲಸವನ್ನು ದಸ್ತಗೀರಣ್ಣ ಯಾರಿಗೂ ಸರಿಯಾಗಿ ವಿವರಿಸಿದ್ದಿಲ್ಲ, "ಏನೋ ಸಾಕತಾಳ" ಎಂದಷ್ಟೇ ಹೇಳುತ್ತಿದ್ದರು. ಈದ್ ಹಬ್ಬಕ್ಕೆ ಊರಿಗೆ ಬಂದಾಗ ಅಪ್ಪನ ಜೊತೆ ನಮ್ಮ ಮನೆಗೆ ಬಂದಳು. ನನ್ನನ್ನು ಫೂಪಿ, ಅಂದರೆ ಸೋದರತ್ತೆ ಎಂದೂ ನಮ್ಮ ಅತ್ತೆಯನ್ನು ಆಯಿ, ಅಂದರೆ ಅಜ್ಜಿ ಎಂದೂ ಕರೆಯುತ್ತಾಳೆ. ಅತ್ತೆ ಮೊದಲು ನೋಡಿದ್ದು ಅವಳ ಬರಿಗೈಗಳನ್ನು.

"ಹಬ್ಬದಾಗ ಬಳಿ ಯಾಕಿಲ್ಲವ್ವಾ?"

"ರೂಢಿ ತಪ್ಪೇದ ಆಯಿ. ಕಾರ್ಖಾನಿ ಒಳಗ ಹೋಗೂ ಮುಂದ ಬಳಿ ಇಲ್ಲ, ಕಾಡಿಗಿ ಇಲ್ಲ, ಪೌಡರ್ ಇಲ್ಲ. ತಲಿಂದ ಕಾಲತನಾ ಬಿಳಿ ಬಟ್ಟಿ. ಕಣ್ಣಷ್ಟ ಕಾಣಸ್ತಾವ."

"ಅಲ್ಲೇನ ಮಾಡತೀ?"

ನಸ್ರೀನ್ ಅತ್ತೆಯ ಎದುರು ನೆಲದ ಮೇಲೆ ಕುಳಿತಳು. "ನನ್ನ ಬೆರಳಷ್ಟು ಸಣ್ಣ ಬಾಟ್ಲಿ ಇರ್ತದ ಆಯಿ. ಬರ್ಫಿಗಿಂತ ಭಾಳ ತಂಪು. ಅದರಾಗ ಆ ಕೋಶ ಮಲಗಿರ್ತಾವ. ಬೆಚ್ಚನ್ನ ನೀರಾಗ ಹಿಡದು ಎಬ್ಬಸ್ತೀವಿ. ಮೊದಲ ಸಣ್ಣ ಬಾಟ್ಲಿ, ಅಲ್ಲಿ ಹೆಚ್ಚಾದ ಮ್ಯಾಲ ದೊಡ್ಡದು, ಆಮ್ಯಾಲ ನಿಮ್ಮ ಈ ಮನಿ ಎತ್ತರದ ಸ್ಟೀಲ್ ಟಾಕಿ. ಅವಕ್ಕ ಯಾವ ಪ್ರೋಟೀನ್ ಮಾಡಬೇಕಂತ ಮೊದಲ ಕಲಿಸಿಟ್ಟಿರ್ತಾರ. ನಮ್ಮ ಕೆಲಸ ಅಂದ್ರ ಅವನ್ನ ಸಾಕೂದು."

"ಏನ ತಿಂತಾವ?"

"ಸಕ್ರಿ, ಉಪ್ಪು, ಇನ್ನ ಬ್ಯಾರೆ ಸತ್ವ. ನಮ್ಮ ಮೈಯಷ್ಟ ಬೆಚ್ಚಗ ಇಡಬೇಕು. ಉಸಿರಿಗೆ ಗಾಳಿ ಬಿಡಬೇಕು. ಉಸಿರು ಕಡಿಮಿ ಆತಂದ್ರ ಗಂಟಿ ಹೊಡೀತದ, ನಾವು ಓಡತೀವಿ."

ಕಂಬಕ್ಕೆ ಒರಗಿ ಕುಳಿತಿದ್ದ ನಾನು ನೆಟ್ಟಗಾದೆ. ಕಣ್ಣಿಗೆ ಕಾಣದಷ್ಟು ಸಣ್ಣವು, ಅವಕ್ಕೂ ಉಸಿರು ಸಾಲದಿದ್ದರೆ ಯಾರೋ ಓಡುತ್ತಾರೆ.

ಅತ್ತೆ ಕೇಳಬೇಕಾದದ್ದನ್ನೇ ಕೇಳಿದರು. "ಇಲಿ ಕೊಲ್ತೀರೇನು?"

"ಸುಳ್ಳ ಹೇಳೂದಿಲ್ಲ ಆಯಿ. ಭಾಳ ವರ್ಷದ ಹಿಂದ, ನಮ್ಮಪ್ಪ ಹುಟ್ಟೂಕಿಂತ ಮೊದಲ, ಎಲ್ಲೋ ದೂರದಾಗ ಒಂದು ಪ್ರಾಣಿ ಮೈಯಿಂದ ಕೋಶ ತಗೊಂಡಿದ್ರು. ಅದರಿಂದ ಬೆಳೆದದ್ದ ಇವತ್ತಿಗೂ ಬೆಳಕೊಂತ ಬಂದದ. ನಾವು ಇಲಿ ಮಾರಿನೂ ನೋಡಿಲ್ಲ. ಕಡೀಕ ಆ ಕೋಶಾನೂ ಉಳಿಯೂದಿಲ್ಲ. ಅವು ಮಾಡಿದ್ದಷ್ಟ ತಗೊಂಡು ಮ್ಯಾಲಿಂದ ಮ್ಯಾಲ ಸೋಸ್ತೀವಿ."

ಅತ್ತೆ ನೆಲುವಿನ ಗಡಿಗೆಯ ಕಡೆ ನೋಡಿದರು. "ಹಂಗಾದ್ರ ಮೊಸರಿನ ಹೆಪ್ಪಿದ್ದಂಗ. ನಾ ಈ ಮನಿಗಿ ಬಂದಾಗ ನಮ್ಮತ್ತಿ ಯಾರ ಮನಿಂದ ಹೆಪ್ಪು ತಂದಿದ್ರೋ ಏನೋ. ಇವತ್ತಿಗೂ ಅದ ನಡದದ," ಎಂದರು. ಆಮೇಲೆ ನಸ್ರೀನಳ ಕೈ ಹಿಡಿದು, "ಚಲೋ ನೋಡಿಕೋತೀಯಿಲ್ಲೋ ಅವನ್ನ?" ಎಂದು ಕೇಳಿದರು.

ಹುಡುಗಿಯ ಮುಖ ಬಾಡಿತು. ಒಂದು ಸಲ ಇಡೀ ಟಾಕಿಗೆ ಬೇರೆ ಯಾವುದೋ ಸೂಕ್ಷ್ಮಜೀವಿ ಸೇರಿಕೊಂಡು ಎಲ್ಲವನ್ನೂ ಚೆಲ್ಲಬೇಕಾಯಿತಂತೆ. ಯಾರ ತಪ್ಪೆಂದು ಕೊನೆಗೂ ತಿಳಿಯಲಿಲ್ಲ. "ಎರಡ ದಿನ ನನಗ ಊಟ ಸೇರಲಿಲ್ಲ ಆಯಿ. ಅದು ಯಾರ್ಯಾರದೋ ಇತ್ತಲ್ಲ," ಎಂದಳು. ಫೂಪಿಗೆ ಕೊಡುವುದು ತಾನು ಮಾಡಿದ್ದೇ ಎಂದೂ ಹೇಳಲಾಗದು, ಇಂಥ ಕಾರ್ಖಾನೆಗಳು ಬೇಕಾದಷ್ಟಿವೆ ಎಂದು ನನಗೆ ಹೇಳಿದಳು. ಅವಳ ಆ ಪ್ರಾಮಾಣಿಕತೆಯೇ ನನ್ನ ಅಳುಕನ್ನು ಕಳೆಯಿತು.

ಮಿರಜಿನಲ್ಲಿ ನನ್ನನ್ನು ಒರಗು ಕುರ್ಚಿಯಲ್ಲಿ ಕೂರಿಸಿ, ಅಲರ್ಜಿ ಆಗದಿರಲೆಂದು ಮೊದಲು ಒಂದು ಚುಚ್ಚುಮದ್ದು ಕೊಟ್ಟರು. ಅದು ನಿದ್ದೆಯ ಮದ್ದೂ ಹೌದು. ಆಮೇಲೆ ನೀರಿನಂಥ ತಿಳಿ ಔಷಧಿಯ ಚೀಲ ನೇತುಹಾಕಿದರು. ಪಕ್ಕದ ಕುರ್ಚಿಯಲ್ಲಿ ಮಿರಜಿನವರೇ ಆದ ಸಿತಾರು ಮಾಡುವ ಮುದುಕರು, ಅವರಿಗೆ ಬೇರೆ ರೋಗ. ಸೋರೆಬುರುಡೆಗಳನ್ನು ಹೇಗೆ ತಿಂಗಳಾನುಗಟ್ಟಲೆ ಒಣಗಿಸುತ್ತಾರೆ, ಅವಸರ ಮಾಡಿದರೆ ಹೇಗೆ ಸೀಳುತ್ತವೆ ಎಂದು ಮರಾಠಿಯಲ್ಲಿ ಹೇಳುತ್ತ ಹೋದರು. ನಾನು ಅರ್ಧ ನಿದ್ದೆಯಲ್ಲಿದ್ದೆ. ಹನಿ ಬೀಳುತ್ತಿತ್ತು, ಬುರುಡೆಗಳು ಬಿಸಿಲಲ್ಲಿ ಸಾಲಾಗಿ ತೂಗುತ್ತಿದ್ದವು, ಬಿಳಿ ಬಟ್ಟೆಯ ಹೆಂಗಸರು ಅವುಗಳ ನಡುವೆ ಸದ್ದಿಲ್ಲದೆ ನಡೆಯುತ್ತಿದ್ದರು. ಒಮ್ಮೆ ಹಲ್ಲು ಕಟಕಟಿಸುವಷ್ಟು ಚಳಿ ಬಂತು. ನರ್ಸ್ ಹನಿಯನ್ನು ನಿಧಾನ ಮಾಡಿ ಕಂಬಳಿ ಹೊದಿಸಿದಳು. ಮುದುಕರು ತಮ್ಮ ಕಂಬಳಿಯನ್ನೂ ನನ್ನ ಕಾಲಿಗೆ ದಾಟಿಸಿದರು.

ಮೊದಲ ತಿಂಗಳು ಏನೂ ಆಗಲಿಲ್ಲ. ಎರಡನೆಯ ತಿಂಗಳೂ ಇಲ್ಲ. ಔಷಧಿ ಹತ್ತದವರ ಗುಂಪಿನಲ್ಲಿ ನಾನಿದ್ದೇನೆ ಎಂದು ಒಳಗೊಳಗೇ ಒಪ್ಪಿಕೊಳ್ಳತೊಡಗಿದ್ದೆ. ಈರಪ್ಪ ದಿನವೂ ಎಣಿಸಲು ಹೇಳುತ್ತಿದ್ದರು. ಹದಿನೆಂಟು, ಹದಿನೇಳು, ಹತ್ತೊಂಬತ್ತು. ಮಳೆಗಾಲ ಮುಗಿಯುವಷ್ಟರಲ್ಲಿ, ಒಂದು ಸಂಜೆ ಅವರು ಒಲೆಯ ಮುಂದೆ ಬಂದು, "ಗುಳಿಗಿ ತಗೊಂಡೇನು?" ಎಂದಾಗ ಗೊತ್ತಾಯಿತು, ಮಧ್ಯಾಹ್ನದ ಗುಳಿಗೆ ಮರೆತಿದ್ದೆ. ಮರೆತದ್ದು ನನಗೆ ಗೊತ್ತೇ ಆಗಿರಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಈರಪ್ಪ ಎಣಿಸಲು ಹೇಳಲಿಲ್ಲ. ಗೋಡೆಗೆ ತಿರುಗಿ ಮೂಗು ಒರೆಸಿಕೊಂಡರು.

ರೋಗ ಹೋಗಿಲ್ಲ. ಗುಳಿಗೆ ಕಡಿಮೆಯಾಗಿದೆ, ವರ್ಷಕ್ಕೊಮ್ಮೆಯೋ ಎರಡು ಸಲವೋ ಆ ಕುರ್ಚಿಗೆ ಹೋಗುತ್ತೇನೆ. ನೆಗಡಿ ಬಂದವರಿಂದ ದೂರ ಕೂರುತ್ತೇನೆ. ಈಗ ನನ್ನ ಡ್ಯೂಟಿ ಜತ್ತದ ಸ್ಟ್ಯಾಂಡಿನ ವಿಚಾರಣೆ ಕಿಟಕಿಯಲ್ಲಿ. ರೆಪ್ಪೆ ಜೋತ ಹೆಂಗಸೊಬ್ಬಳು ಬಂದು ನಿಂತರೆ, ಬಸ್ಸಿನ ವೇಳೆಯ ಜೊತೆಗೆ ಮಿರಜಿನ ದಾರಿಯನ್ನೂ ಹೇಳಿ ಕಳಿಸುತ್ತೇನೆ. ಇಲ್ಲಿಯತನಕ ಇಬ್ಬರಿಗೆ ಹೇಳಿದ್ದೇನೆ, ಒಬ್ಬಳಿಗೆ ನಿದ್ದೆಗೇಡಷ್ಟೇ ಇತ್ತು.

ಈ ವರ್ಷ ನಸ್ರೀನಳ ಕಾರ್ಖಾನೆಯಲ್ಲಿ ಕೆಲಸದವರ ಮನೆಮಂದಿಯನ್ನು ಒಂದು ದಿನ ಕರೆದಿದ್ದರು. ಅಪ್ಪನ ಜೊತೆಗೆ ಫೂಪಿಯೂ ಆಯಿಯೂ ಬರಬೇಕು ಎಂದು ಅವಳು ಹಟ ಹಿಡಿದಳು. ಪುಣೆಗೆ ಹೋದೆವು. ಒಳಗೆ ಬಿಡಲಿಲ್ಲ, ಉದ್ದನೆಯ ಓಣಿಯಂಥ ಜಾಗದಲ್ಲಿ ನಿಂತು ದಪ್ಪ ಗಾಜಿನಿಂದ ನೋಡಬೇಕು. ಆಚೆ ನೆರಳೇ ಇಲ್ಲದ ಬೆಳಕು. ಹೊಳೆಯುವ ಎತ್ತರದ ಟಾಕಿಗಳು, ಅವುಗಳಿಗೆ ಸುತ್ತಿಕೊಂಡ ಕೊಳವೆಗಳು. ನಾಲ್ಕು ಜನ ಬಿಳಿ ಬಟ್ಟೆಯವರು ನೀರಿನೊಳಗೆ ನಡೆದಂತೆ ಮೆಲ್ಲಗೆ ನಡೆಯುತ್ತಿದ್ದರು. ಒಬ್ಬರು ಟಾಕಿಯ ಪಕ್ಕದ ಪರದೆ ನೋಡಿ ಬರೆದುಕೊಂಡರು. ಇನ್ನೊಬ್ಬರು ಟಾಕಿಯ ಹೊಟ್ಟೆಯ ಮೇಲೆ ಕೈಯಿಟ್ಟು ಒಂದು ಕ್ಷಣ ಹಾಗೇ ನಿಂತರು.

"ನಮ್ಮ ನಸ್ರೀನ್ ಯಾರು ಇದರಾಗ?" ಎಂದರು ದಸ್ತಗೀರಣ್ಣ. ತಂದೆಗೇ ಗುರುತು ಸಿಗಲಿಲ್ಲ.

ನಾಲ್ವರೂ ಗಾಜಿನ ಕಡೆ ತಿರುಗಿದರು. ಎಂಟು ಕಣ್ಣುಗಳು. ಒಬ್ಬರು ಕೈ ಎತ್ತಿದರು, ನೋಡಿ ಉಳಿದವರೂ ಎತ್ತಿದರು. ನಾನೂ ಕೈ ಎತ್ತಿದೆ. ಅತ್ತೆ ಮುಂದೆ ಹೋಗಿ ಗಾಜಿಗೆ ಅಂಗೈ ಹಚ್ಚಿದರು. ದನಿ ಒಳಗೆ ಹೋಗುವುದಿಲ್ಲವೆಂದು ಬೋರ್ಡು ಹಾಕಿದ್ದರು, ಅವರಿಗೆ ಓದಲು ಬರುವುದಿಲ್ಲ. ಹೊಲದಾಚೆಯವರನ್ನು ಕೂಗುವಂತೆ ಕೂಗಿದರು:

"ಊಟ ಆತೇನ್ರವ್ವಾ?"

ಒಳಗಿನ ನಾಲ್ವರೂ ತಲೆ ಓರೆಮಾಡಿ ನಮ್ಮನ್ನೇ ನೋಡಿದರು. ಆಮೇಲೆ ಅವರಲ್ಲಿ ಒಬ್ಬಳು, ಮೂರನೆಯವಳು, ಅತ್ತೆಯ ತುಟಿ ನೋಡಿ ಹೌದೆಂದು ತಲೆಯಾಡಿಸಿದಳು.